ಹೃದಯ ನಿಲ್ಲಿಸುವ ಯೋಗಿಯನ್ನು ಹುಡುಕುತ್ತ

1935ರಲ್ಲಿ ಫ್ರಾನ್ಸಿನ ಹೃದಯತಜ್ಞೆ ತೆರೇಸ್ ಬ್ರಾಸ್ ಭಾರತಕ್ಕೆ ಬಂದಾಗ ಜೊತೆಗೊಂದು ಇಸಿಜಿ ಯಂತ್ರವನ್ನೂ ಹೊತ್ತು ತಂದಿದ್ದರು. ಭಾರತದ ಯೋಗಿಗಳು ಮನಸ್ಸು ಮಾಡಿದರೆ ತಮ್ಮ ಹೃದಯವನ್ನೇ ನಿಲ್ಲಿಸಬಲ್ಲರು ಎಂಬ ಸುದ್ದಿ ಯುರೋಪಿನಲ್ಲಿ ಬಹಳ ಕಾಲದಿಂದ ಓಡಾಡುತ್ತಿತ್ತು. ಕಂಡೆವೆಂದು ಹೇಳಿದವರು ಬೇಕಾದಷ್ಟು ಜನ. ಯಂತ್ರ ಇಟ್ಟು ನೋಡಿದವರು ಮಾತ್ರ ವಿರಳ. ವೈದ್ಯರ ಪುಸ್ತಕವಂತೂ ಬೇರೆಯದನ್ನೇ ಹೇಳುತ್ತಿತ್ತು: ಕೈಕಾಲು ಮನುಷ್ಯನ ಮಾತು ಕೇಳುತ್ತವೆ, ಹೃದಯ, ಜಠರ, ಬೆವರು, ರಕ್ತನಾಳ ಕೇಳುವುದಿಲ್ಲ; ಅವಕ್ಕೆ ಅವುಗಳದೇ ನರಜಾಲ, ಅವುಗಳದೇ ಕಾರುಬಾರು. ಯೋಗಿಯ ಮಾತು ನಿಜವಾದರೆ ಪುಸ್ತಕ ಸುಳ್ಳಾಗಬೇಕಿತ್ತು.

ಬ್ರಾಸ್ ಪರೀಕ್ಷಿಸಿದವರಲ್ಲಿ ಮೈಸೂರಿನ ತಿರುಮಲೈ ಕೃಷ್ಣಮಾಚಾರ್ಯರೂ ಒಬ್ಬರು. ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ 1888ರಲ್ಲಿ ಹುಟ್ಟಿದ ಇವರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸುತ್ತಿದ್ದರು. 'ಯೋಗ ಮಕರಂದ'ವನ್ನು ಅವರು ಕನ್ನಡದಲ್ಲೇ ಬರೆದರು. ಮುಂದೆ ಲೋಕವಿಖ್ಯಾತರಾದ ಬಿ.ಕೆ.ಎಸ್. ಅಯ್ಯಂಗಾರ್ ಮತ್ತು ಪಟ್ಟಾಭಿ ಜೋಯಿಸ್ ಆಗ ಅವರ ಕೈಕೆಳಗೆ ಬೆನ್ನು ಬಗ್ಗಿಸುತ್ತಿದ್ದ ಹುಡುಗರು. ಮೇಷ್ಟ್ರು ಮಹಾ ಕೋಪಿಷ್ಠರು ಎಂದು ಅಯ್ಯಂಗಾರರೇ ಆಮೇಲೆ ಹಲವು ಸಲ ಹೇಳಿಕೊಂಡರು. ಅಂಥವರು ವಿದೇಶಿ ವೈದ್ಯೆಯೊಬ್ಬರಿಗೆ ತಮ್ಮ ಮೈಗೆ ತಂತಿ ಸುತ್ತಲು ಬಿಟ್ಟದ್ದೇ ಒಂದು ಸೋಜಿಗ.

ಉಸಿರು, ನಾಡಿ, ಹೃದಯದ ವಿದ್ಯುತ್ತು ಮೂರನ್ನೂ ಬ್ರಾಸ್ ಒಟ್ಟಿಗೆ ದಾಖಲಿಸಿದರು. ಯೋಗಿ ಉಸಿರು ಬಿಗಿಹಿಡಿದಾಗ ಎದ್ದು ಬೀಳುತ್ತಿದ್ದ ಗೆರೆ ಕುಗ್ಗುತ್ತ ಹೋಗಿ, ಕೆಲವು ಕ್ಷಣ ಮಲಗಿದಂತೆಯೇ ಆಯಿತು. ಮತ್ತೆ ಎದ್ದಿತು. 1936ರಲ್ಲಿ ಆ ಗೆರೆಗಳು ಫ್ರೆಂಚ್ ವೈದ್ಯ ಪತ್ರಿಕೆಯಲ್ಲಿ ಅಚ್ಚಾದವು. ಹೃದಯ ನಿಲ್ಲಿಸುವ ಯೋಗಿಗೆ ಈಗ ಕಾಗದದ ಸಾಕ್ಷಿ ದೊರೆತಿತ್ತು. ಅಲ್ಲಿಂದ ಇಪ್ಪತ್ತು ವರ್ಷ ಆ ಸಾಕ್ಷಿಯನ್ನು ಎತ್ತಿ ಆಡಿದವರು ಅನೇಕರು. ಮತ್ತೊಮ್ಮೆ ತಂತಿ ಕಟ್ಟಿ ನೋಡೋಣ ಎಂದು ದೊಡ್ಡ ಪ್ರಮಾಣದಲ್ಲಿ ಹೊರಟವರು ಕಾಣಲಿಲ್ಲ.

ಕೊನೆಗೆ ಹೊರಟವರಲ್ಲಿ ಒಬ್ಬರ ಹಿಂದಿನ ಬದುಕು ಕಾದಂಬರಿಗೆ ಸಲ್ಲುವಂಥದು. ಬಸು ಕುಮಾರ ಬಾಗ್ಚಿ ಬಂಗಾಳದವರು. ತಾರುಣ್ಯದಲ್ಲಿ ಸನ್ಯಾಸ ಸ್ವೀಕರಿಸಿ ಸ್ವಾಮಿ ಧೀರಾನಂದರಾಗಿದ್ದರು. ಗೆಳೆಯ ಪರಮಹಂಸ ಯೋಗಾನಂದರ ಬೆನ್ನಿಗೆ ಅಮೆರಿಕಕ್ಕೆ ಹೋಗಿ, ಲಾಸ್ ಏಂಜಲೀಸಿನ ಆಶ್ರಮದಲ್ಲಿ ಅಮೆರಿಕನ್ನರಿಗೆ ಧ್ಯಾನ ಕಲಿಸುತ್ತಿದ್ದರು. 1929ರಲ್ಲಿ ಗೆಳೆಯರಿಬ್ಬರೂ ಬೇರೆಯಾದರು. ಧೀರಾನಂದರು ಕಾವಿ ಕಳಚಿ ಮತ್ತೆ ಬಾಗ್ಚಿಯಾದರು; ಅಯೋವಾದಲ್ಲಿ ಡಾಕ್ಟರೇಟ್ ಮಾಡಿ, ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಮೆದುಳಿನ ವಿದ್ಯುತ್ ಅಲೆಗಳನ್ನು ಓದುವ ತಜ್ಞರಾಗಿ ನೆಲೆಯೂರಿದರು. ಅಪಸ್ಮಾರದ ರೋಗಿಗಳ ಇಇಜಿ ನೋಡುತ್ತ ಕೂತ ಆ ಪ್ರಾಧ್ಯಾಪಕರು ಒಂದು ಕಾಲದಲ್ಲಿ ತಾವೇ ಕಣ್ಣುಮುಚ್ಚಿ ಗಂಟೆಗಟ್ಟಲೆ ಕೂತವರು. ಒಳಗಿನಿಂದ ಕಂಡದ್ದು ಹೊರಗಿನ ಕಾಗದದ ಮೇಲೆ ಹೇಗೆ ಕಾಣುತ್ತದೆ ಎಂದು ಕೇಳುವ ಹಕ್ಕು ಅವರಿಗಿದ್ದಷ್ಟು ಇನ್ನಾರಿಗೂ ಇರಲಿಲ್ಲವೇನೋ.

ಅವರ ಜೊತೆಗಾರ ಕ್ಯಾಲಿಫೋರ್ನಿಯಾದ ಮನಶ್ಶಾಸ್ತ್ರಜ್ಞ ಮೇರಿಯನ್ ವೆಂಗರ್. ನಮ್ಮ ಹಿಡಿತಕ್ಕೆ ಸಿಗದೆಂಬ ಆ ನರಜಾಲವೇ ಅವರ ಜೀವಮಾನದ ಅಧ್ಯಯನ. 1957ರಲ್ಲಿ ಇಬ್ಬರೂ ಎಂಟು ಗೆರೆ ಒಟ್ಟಿಗೆ ಬರೆಯುವ ಯಂತ್ರ ಕಟ್ಟಿಕೊಂಡು ಭಾರತಕ್ಕೆ ಬಂದರು. ಸುಮಾರು ಐದು ತಿಂಗಳು ಕಲ್ಕತ್ತ, ಮದ್ರಾಸು, ಲೋನಾವ್ಲಾ, ದೆಹಲಿ ಎಂದು ಸುತ್ತಿದರು. ಅವರ ಯಂತ್ರದ ಮುಂದೆ ಬಂದು ಕೂತವರು 45 ಜನ. ಅಲ್ಲಿ ವರ್ಷಾನುಗಟ್ಟಲೆ ಸಾಧನೆ ಮಾಡಿದವರೂ ಇದ್ದರು, ಹೊಸದಾಗಿ ಕಲಿಯುತ್ತಿದ್ದವರೂ ಇದ್ದರು.

ಒಬ್ಬ ಯೋಗಿಯಂತೂ ಇಬ್ಬರನ್ನೂ ದಂಗುಬಡಿಸಿದ. ಬೇಕೆಂದಾಗ ಹಣೆಯಲ್ಲಿ ಬೆವರು ತರಿಸುತ್ತೇನೆ ಎಂದ. ಕೂತ. ಒಮ್ಮೆ ಒಂದೂವರೆ ನಿಮಿಷಕ್ಕೆ, ಒಮ್ಮೆ ಹತ್ತು ನಿಮಿಷಕ್ಕೆ ಹಣೆಯ ಮೇಲೆ ಹನಿ ಮೂಡಿದವು. ಎಲ್ಲಿ ಕಲಿತೆ ಎಂದು ಕೇಳಿದರೆ ಬಂದ ಉತ್ತರದಲ್ಲಿ ಪವಾಡದ ಸೋಂಕೂ ಇರಲಿಲ್ಲ. ಹಿಮಾಲಯದ ಗುಹೆಯಲ್ಲಿ ಎರಡು ಚಳಿಗಾಲಗಳ ಕೆಲವು ಭಾಗ ಮೈಮೇಲೆ ಬಟ್ಟೆಯಿಲ್ಲದೆ ಕಳೆದಿದ್ದ. ಚಳಿ ತಡೆಯಬೇಕಾದರೆ ಸುಡುಬಿಸಿಲಲ್ಲಿ ಕೂತಿದ್ದೇನೆ ಎಂದೇ ಭಾವಿಸು ಎಂದು ಗುರು ಹೇಳಿಕೊಟ್ಟಿದ್ದರು. ತಿಂಗಳುಗಟ್ಟಲೆ ಹೆಣಗಿದ ಮೇಲೆ ಮೈ ಬೆಚ್ಚಗಾಗತೊಡಗಿತು. ಬೆಟ್ಟ ಇಳಿದು ಬಯಲಿಗೆ ಬಂದು ಅದನ್ನೇ ಮಾಡಿದಾಗ, ಬೆಚ್ಚಗಾಗುವುದರ ಜೊತೆಗೆ ಬೆವರೂ ಇಳಿಯಿತು. ಬೆವರು ಅವನ ಗುರಿಯೇ ಆಗಿರಲಿಲ್ಲ. ಆದರೆ ಯಾರ ಮಾತೂ ಕೇಳದೆಂದು ಪುಸ್ತಕ ಹೇಳಿದ್ದ ನರಜಾಲ ಇಲ್ಲಿ ಒಬ್ಬನ ಕಲ್ಪನೆಯ ಮಾತು ಕೇಳಿತ್ತು.

ಹೃದಯ ನಿಲ್ಲಿಸುವವರನ್ನು ಹುಡುಕುವುದು ಇನ್ನೂ ಕಷ್ಟವಾಯಿತು. ಇಡೀ ಸುತ್ತಾಟದಲ್ಲಿ ಪರೀಕ್ಷೆಗೆ ಸಿಕ್ಕಿದವರು ನಾಲ್ಕೇ ಜನ. ಅವರಲ್ಲೊಬ್ಬರು ಬ್ರಾಸ್ ಅವರ ಕಾಗದದ ಮೇಲೆ ಗೆರೆಯಾಗಿದ್ದ ಕೃಷ್ಣಮಾಚಾರ್ಯರೇ. ಮೈಸೂರಿನ ಯೋಗಶಾಲೆ ಮುಚ್ಚಿ, ಅವರು ಮದ್ರಾಸಿಗೆ ಬಂದು ನೆಲೆಸಿದ್ದರು; ವಯಸ್ಸು ಎಪ್ಪತ್ತರ ಹತ್ತಿರ. ಈ ವಯಸ್ಸಿನಲ್ಲಿ ಅದೆಲ್ಲ ಬೇಡ ಎಂದು ಮೊದಲು ಒಪ್ಪಲಿಲ್ಲ. ಕೊನೆಗೆ ವಿಧಾನವನ್ನಾದರೂ ತೋರಿಸುತ್ತೇನೆ ಎಂದು ಕೂತರು. ಉಸಿರು ಹಿಡಿದರು, ಎದೆ–ಹೊಟ್ಟೆಯ ಸ್ನಾಯುಗಳನ್ನು ಬಿಗಿದರು. ಮಣಿಕಟ್ಟಿನ ನಾಡಿ ಸಣ್ಣದಾಯಿತು. ಎದೆಗೆ ಸ್ಟೆಥಾಸ್ಕೋಪ್ ಇಟ್ಟರೆ ಹೃದಯದ ಲಬ್‌ಡಬ್ ಸರಿಯಾಗಿ ಕೇಳಿಸಲಿಲ್ಲ. ಆದರೆ ಇಸಿಜಿಯ ಗೆರೆ ಓಡುತ್ತಲೇ ಇತ್ತು.

ಇಪ್ಪತ್ತೆರಡು ವರ್ಷದ ಒಗಟು ಅಲ್ಲಿ ಬಿಡಿಸಿಕೊಂಡಿತು. ಗಂಟಲು ಮುಚ್ಚಿ ಎದೆಯನ್ನು ಬಿಗಿದಾಗ ಒಳಗಿನ ಒತ್ತಡ ಏರಿ, ಹೃದಯಕ್ಕೆ ಹಿಂತಿರುಗಬೇಕಾದ ರಕ್ತಕ್ಕೆ ದಾರಿ ಇಕ್ಕಟ್ಟಾಗುತ್ತದೆ. ಬರುವ ರಕ್ತವೇ ಕಡಿಮೆಯಾದರೆ ಹೃದಯ ಬಡಿದೂ ನಾಡಿ ಕೈಗೆ ಹತ್ತುವುದಿಲ್ಲ. ಬಿಗಿದ ಸ್ನಾಯುಗಳ ಗುರುಗುಟ್ಟುವಿಕೆಯಲ್ಲಿ ಹೃದಯದ ಸದ್ದು ಮುಳುಗುತ್ತದೆ. ಇನ್ನು ಬ್ರಾಸ್ ಕಂಡ ಮಲಗಿದ ಗೆರೆ? ಎದೆಗೂಡಿನೊಳಗೆ ಹೃದಯ ತುಸು ವಾಲಿದರೆ ಒಂದು ದಿಕ್ಕಿನಿಂದ ನೋಡುವ ತಂತಿಗೆ ಅದರ ವಿದ್ಯುತ್ತು ಕುಗ್ಗಿದಂತೆ ಕಾಣುತ್ತದೆ. ಬೇರೆ ದಿಕ್ಕಿನ ತಂತಿಗಳಲ್ಲಿ ಅದು ಧಾರಾಳವಾಗಿ ಸಿಗುತ್ತದೆ. ಯೋಗಿ ಮೋಸ ಮಾಡಿರಲಿಲ್ಲ, ವೈದ್ಯೆಯೂ ಸುಳ್ಳು ಬರೆದಿರಲಿಲ್ಲ. ನೋಡಿದ ಕಿಟಕಿ ಸಣ್ಣದಿತ್ತು, ಅಷ್ಟೆ. ನಾಲ್ವರಲ್ಲಿ ಒಬ್ಬ ಮಾತ್ರ ನಿಜಕ್ಕೂ ಹೃದಯದ ವೇಗವನ್ನು ಕೆಲವು ಬಡಿತಗಳ ಮಟ್ಟಿಗೆ ಚೆನ್ನಾಗಿ ಇಳಿಸಿದ. ಅವನು ಹಿಡಿದದ್ದು ಮೆದುಳಿನ ಬುಡದಿಂದ ಇಳಿದು ಹೃದಯಕ್ಕೆ ಲಗಾಮು ಹಾಕುವ ವೇಗಸ್ ನರದ ದಾರಿಯನ್ನು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಬಾಲಕೃಷ್ಣ ಆನಂದರ ಜೊತೆ ಸೇರಿ 1961ರಲ್ಲಿ ಅವರು ವರದಿ ಪ್ರಕಟಿಸಿದರು: ಹೃದಯ ಯಾರದ್ದೂ ನಿಂತಿರಲಿಲ್ಲ.

ಹುಡುಕಿದ್ದು ಸಿಗಲಿಲ್ಲ. ಸಿಕ್ಕಿದ್ದನ್ನು ಮಾತ್ರ ಆಗ ಬಹಳ ಜನ ಗಮನಿಸಲಿಲ್ಲ. ಯಾವ ಪವಾಡವನ್ನೂ ತೋರಿಸದೆ, ಸುಮ್ಮನೆ ಧ್ಯಾನಕ್ಕೆ ಕೂತವರ ಗೆರೆಗಳೂ ಅದೇ ಯಂತ್ರದಲ್ಲಿ ದಾಖಲಾಗಿದ್ದವು. ಅವರ ಉಸಿರು ನಿಧಾನವಾಗಿತ್ತು, ಚರ್ಮದ ವಿದ್ಯುತ್ ಲಕ್ಷಣಗಳು ವಿಶ್ರಾಂತಿಯನ್ನು ಹೇಳುತ್ತಿದ್ದವು. ಮೈ ಇಷ್ಟು ಸಡಿಲವಾದರೆ ಮೆದುಳಿನ ಅಲೆಯಲ್ಲಿ ತೂಕಡಿಕೆ ಕಾಣಬೇಕು. ಅದು ಕಾಣಲಿಲ್ಲ. ನಿದ್ದೆಯಿಲ್ಲದ ಆಳವಾದ ವಿಶ್ರಾಂತಿ ಎಂದು ಮಾಜಿ ಸನ್ಯಾಸಿ ಮತ್ತು ಮನಶ್ಶಾಸ್ತ್ರಜ್ಞ ಸೇರಿ ಬರೆದರು. ಇಡೀ ಐದು ತಿಂಗಳ ಅಲೆದಾಟದಲ್ಲಿ ಬೆಲೆಬಾಳುವ ಸಾಲು ಇದೇ. ಹೃದಯದ ಕತೆಗೆ ಸಿಕ್ಕ ಪ್ರಚಾರದ ಕಾಲುಪಾಲೂ ಇದಕ್ಕೆ ಸಿಗಲಿಲ್ಲ.

ಸಾಲೇನೋ ಬರೆದಾಯಿತು, ಅದನ್ನು ಎಲ್ಲರೂ ಒಪ್ಪಬೇಕಲ್ಲ. 1955ರಲ್ಲೇ ದಾಸ್ ಮತ್ತು ಗ್ಯಾಸ್ಟೊ ಎಂಬ ಇಬ್ಬರು ಕಲ್ಕತ್ತದಲ್ಲಿ ಕ್ರಿಯಾಯೋಗಿಗಳ ಮೆದುಳು ನೋಡಿ, ಆಳವಾದ ಧ್ಯಾನದಲ್ಲಿ ಅಲೆಗಳು ವೇಗವಾಗುತ್ತವೆ ಎಂದಿದ್ದರು. ದೆಹಲಿಯಲ್ಲಿ ಆನಂದ್, ಛೀನಾ, ಬಲದೇವ್ ಸಿಂಗ್ ಕಂಡದ್ದು ಶಾಂತವಾದ ಆಲ್ಫಾ ಅಲೆ; ಎಚ್ಚರವಿದ್ದು ಕಣ್ಣು ಮುಚ್ಚಿ ನಿರಾಳವಾಗಿ ಕೂತವನ ಮೆದುಳಿನ ಅಲೆ ಅದು. ಸಾಮಾನ್ಯ ಮನುಷ್ಯನ ಕಿವಿಯ ಬಳಿ ಢಬ್ಬೆಂದು ಸದ್ದು ಮಾಡಿದರೆ ಆಲ್ಫಾ ತಟ್ಟನೆ ಮುರಿಯುತ್ತದೆ. ದೆಹಲಿಯವರು ಸಮಾಧಿಯಲ್ಲಿದ್ದ ಯೋಗಿಗಳ ಮುಖಕ್ಕೆ ಪ್ರಖರ ಬೆಳಕು ಬಿಟ್ಟರು, ಸದ್ದು ಮಾಡಿದರು, ಕಾದ ಗಾಜಿನ ಕೊಳವೆ ಮುಟ್ಟಿಸಿದರು. ಅಲೆ ಮುರಿಯಲಿಲ್ಲ. ಇನ್ನಿಬ್ಬರು ಯೋಗಿಗಳು 4 ಡಿಗ್ರಿ ನೀರಿನಲ್ಲಿ ಮುಕ್ಕಾಲು ಗಂಟೆಗೂ ಮಿಕ್ಕಿ ಕೈ ಅದ್ದಿ ಕೂತರು. ಆಲ್ಫಾ ಹಾಗೇ ಇತ್ತು. ಕಲ್ಕತ್ತದವರ ಪ್ರಕಾರ ಧ್ಯಾನಿಯ ಮೆದುಳು ಚುರುಕಾಗುತ್ತದೆ, ದೆಹಲಿಯವರ ಪ್ರಕಾರ ತಣ್ಣಗಾಗುತ್ತದೆ. ಧ್ಯಾನ ಒಂದೇ ಬಗೆಯದಲ್ಲ ಎಂಬುದು ಆಗ ಯಾರಿಗೂ ಅಷ್ಟಾಗಿ ಹೊಳೆದಿರಲಿಲ್ಲ.

ಪವಾಡದ ಸೆಳೆತವೂ ಅಷ್ಟು ಬೇಗ ಬಿಡಲಿಲ್ಲ. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಗಿತ್ತು, ಮುಂದೆ ನಿಮ್ಹಾನ್ಸ್ ಆದದ್ದು ಅದೇ. ಅಲ್ಲಿ ಒಬ್ಬ ಯೋಗಿಯನ್ನು ಗುಂಡಿಯೊಳಗೆ ಕೂರಿಸಿ ಒಂಬತ್ತು ತಾಸು ಮುಚ್ಚಿಟ್ಟ ಪ್ರಯೋಗವನ್ನು ಹೋನಿಗ್ ಎಂಬ ಮನೋವೈದ್ಯ 1968ರಲ್ಲಿ ವರದಿ ಮಾಡಿದ. ಒಳಗಿದ್ದವನ ಮೆದುಳು ಉದ್ದಕ್ಕೂ ಎಚ್ಚರದ ಆಲ್ಫಾವನ್ನೇ ಬರೆಯಿತು. ಹೃದಯ ಮಾತ್ರ ವಿಚಿತ್ರವಾಗಿ ನಡೆದುಕೊಂಡಿತು: 20–25 ನಿಮಿಷಕ್ಕೊಂದು ಸುತ್ತಿನಂತೆ ಮಿನಿಟಿಗೆ 40ರಿಂದ 100ಕ್ಕೆ ಏರಿ, ಮತ್ತೆ 40ಕ್ಕೆ ಇಳಿಯುತ್ತಿತ್ತು. ಏಕೆ ಎಂದು ತಿಳಿಯಲಿಲ್ಲ. 1973ರಲ್ಲಿ ಉದಯಪುರದ ವೈದ್ಯರು ಸತ್ಯಮೂರ್ತಿ ಎಂಬ ಯೋಗಿಯನ್ನು ಎಂಟು ದಿನ ಗುಂಡಿಯಲ್ಲಿಟ್ಟ ವರದಿ ಬಂತು. ಹೃದಯ ಮಿನಿಟಿಗೆ 250ಕ್ಕೆ ಏರಿ, 29 ತಾಸಿನ ಹೊತ್ತಿಗೆ ಗೆರೆ ಪೂರ್ತಿ ಮಲಗಿ, ಗುಂಡಿ ತೆರೆಯಲು ಅರ್ಧ ತಾಸಿರುವಾಗ ಮತ್ತೆ ಎದ್ದಿತಂತೆ. ತಂತಿಯೇ ಕಳಚಿತ್ತೆ? ಹಾಗೆ ಕಳಚಿದರೆ ಗೆರೆ ಬೇರೆ ರೀತಿ ಕಾಣಬೇಕಿತ್ತಲ್ಲ? ಗುಂಡಿಯೊಳಗೆ ಇಣುಕಿ ನೋಡಿದವರಿಲ್ಲದ ಕಾರಣ ಜಗಳ ಅಲ್ಲೇ ನಿಂತಿತು. ಇಂಥ ಪ್ರಯೋಗಗಳಿಂದ ಸುದ್ದಿ ಹುಟ್ಟಿತೇ ಹೊರತು ತಿಳಿವಳಿಕೆ ಹುಟ್ಟಲಿಲ್ಲ.

ತಿರುವು ಬಂದದ್ದು ಗುಹೆಯ ಯೋಗಿಗಳಿಂದಲ್ಲ, ಅಮೆರಿಕದ ಕಾಲೇಜು ಹುಡುಗರಿಂದ. 1960ರ ದಶಕದ ಕೊನೆಯಲ್ಲಿ ಹಾರ್ವರ್ಡಿನ ಹರ್ಬರ್ಟ್ ಬೆನ್ಸನ್ ಮಂಗಗಳ ರಕ್ತದೊತ್ತಡ ಅಳೆಯುತ್ತಿದ್ದರು. ಮಹರ್ಷಿ ಮಹೇಶ ಯೋಗಿಯವರ ಶಿಷ್ಯರಾದ ಕೆಲವು ಹುಡುಗರು ಬಂದು, ಮಂಗಗಳನ್ನು ಬಿಟ್ಟು ನಮ್ಮನ್ನು ನೋಡಿ ಎಂದರು. ಬೆನ್ಸನ್ ಕಳಿಸಿಬಿಟ್ಟರು. ಅವರು ಬಿಡಲಿಲ್ಲ, ಮತ್ತೆ ಬಂದರು. ಹೆಸರು ಕೆಟ್ಟೀತೆಂಬ ಭಯದಲ್ಲಿ ಬೆನ್ಸನ್ ಆ ಹುಡುಗರನ್ನು ರಾತ್ರಿ ಹೊತ್ತಿನಲ್ಲಿ, ಸಹೋದ್ಯೋಗಿಗಳ ಕಣ್ಣು ತಪ್ಪಿಸಿ ಪಕ್ಕದ ಬಾಗಿಲಿನಿಂದ ಒಳಗೆ ಕರೆಸಿಕೊಂಡು ಪರೀಕ್ಷಿಸಿದರು. ಆ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ರಾಬರ್ಟ್ ಕೀತ್ ವಾಲೇಸ್ ಎಂಬ ತರುಣ ಇದೇ ವಿಷಯದ ಮೇಲೆ ಡಾಕ್ಟರೇಟ್ ಮಾಡುತ್ತಿದ್ದ. ಇಬ್ಬರೂ ಸೇರಿ 1971ರಲ್ಲಿ 36 ಧ್ಯಾನಿಗಳ ಲೆಕ್ಕ ಪ್ರಕಟಿಸಿದರು. ಕಣ್ಣು ಮುಚ್ಚಿದ ಕೆಲವೇ ನಿಮಿಷಗಳಲ್ಲಿ ದೇಹ ಬಳಸುವ ಆಮ್ಲಜನಕ ಸುಮಾರು ಆರರಲ್ಲೊಂದು ಪಾಲು ಇಳಿದಿತ್ತು. ನಿದ್ದೆಯಲ್ಲಿ ಅದರ ಅರ್ಧದಷ್ಟು ಇಳಿಯುವುದಕ್ಕೂ ಗಂಟೆಗಟ್ಟಲೆ ಬೇಕು. ರಕ್ತದ ಲ್ಯಾಕ್ಟೇಟ್ ಕೂಡ ಇಳಿದಿತ್ತು. ಹೆದರಿಕೆಗೆ ಮೈ ಉದ್ರೇಕಗೊಳ್ಳುವಂತೆ ಇದು ಮೈ ಇಳಿದುಬರುವ ಸಹಜ ದಾರಿ ಎಂದರು ಬೆನ್ಸನ್. ಮಂತ್ರವೂ ಬೇಕಿಲ್ಲ, 'ಒನ್' ಎಂದು ಮನಸ್ಸಿನಲ್ಲಿ ಹೇಳಿಕೊಂಡರೂ ಸಾಕು ಎಂದು 1975ರಲ್ಲಿ ಪುಸ್ತಕವನ್ನೇ ಬರೆದರು. ಪುಸ್ತಕ ಬಿಸಿ ದೋಸೆಯಂತೆ ಖರ್ಚಾಯಿತು.

ಅದರ ಬೆನ್ನಿಗೇ ಪೆಟ್ಟುಗಳು ಬಿದ್ದವು. 1976ರಲ್ಲಿ ಪಗಾನೋ ಮತ್ತು ಸಂಗಡಿಗರು ಐವರು ಅನುಭವಿ ಧ್ಯಾನಿಗಳ ಮೆದುಳಿನ ಅಲೆ ನೋಡಿದರೆ, ಧ್ಯಾನದ ಹೊತ್ತಿನಲ್ಲಿ ನೂರಕ್ಕೆ ನಲವತ್ತು ಭಾಗ ಅವರು ಗಡದ್ದಾಗಿ ನಿದ್ದೆ ಹೊಡೆದಿದ್ದರು. 1984ರಲ್ಲಿ ಮನಶ್ಶಾಸ್ತ್ರಜ್ಞ ಡೇವಿಡ್ ಹೋಮ್ಸ್ ಅಲ್ಲಿಯವರೆಗಿನ ಪ್ರಯೋಗಗಳನ್ನೆಲ್ಲ ಗುಡ್ಡೆಹಾಕಿ ಜಾಲಾಡಿ ಒಂದು ಸರಳ ಪ್ರಶ್ನೆ ಕೇಳಿದರು: ಧ್ಯಾನಿಗಳ ಹೃದಯ, ಉಸಿರು ಇಳಿದದ್ದು ಸರಿ, ಸುಮ್ಮನೆ ಕಣ್ಣು ಮುಚ್ಚಿ ಕೂತವರದ್ದು ಇಳಿಯಲಿಲ್ಲವೇ? ಇಳಿದಿತ್ತು. ಹೆಚ್ಚುಕಡಿಮೆ ಅಷ್ಟೇ ಇಳಿದಿತ್ತು. ಅಂಗಳದಲ್ಲಿ ಅಡಿಕೆ ಹರಡಿ, ಊಟ ಮುಗಿಸಿ, ಜಗಲಿಯ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ ಪುತ್ತೂರಿನ ಕೃಷಿಕನಿಗೂ, ಪದ್ಮಾಸನ ಹಾಕಿದ ಸಾಧಕನಿಗೂ ಯಂತ್ರ ಒಂದೇ ಅಂಕ ಕೊಟ್ಟಂತಾಯಿತು. ಇಂದು ಸುಳ್ಯ, ಕಡಬದ ಸಭಾಭವನಗಳಲ್ಲಿ ನಡೆಯುವ ಶಿಬಿರಗಳಲ್ಲೂ 'ಧ್ಯಾನದಿಂದ ಹೃದಯ ಬಡಿತ ಇಳಿಯುತ್ತದೆ' ಎಂಬ ಮಾತು ಕೇಳಸಿಗುತ್ತದೆ. ಮಾತು ಸುಳ್ಳಲ್ಲ. ಆದರೆ ಯಾರಿಗಿಂತ, ಯಾವುದಕ್ಕಿಂತ ಎಂಬ ಪ್ರಶ್ನೆ ಅದರ ಬಾಲದಲ್ಲೇ ಇದೆ.

ಆ ಪ್ರಶ್ನೆಯನ್ನು ಹಟ ಹಿಡಿದು ಕೈಗೆತ್ತಿಕೊಂಡದ್ದು ಬೆಂಗಳೂರು. ನಿಮ್ಹಾನ್ಸ್‌ನ ನರಶಾಸ್ತ್ರಜ್ಞ ಟಿ. ದೇಸಿರಾಜು ಮತ್ತು ಅವರ ಜೊತೆ ಸಂಶೋಧನೆ ಮಾಡುತ್ತಿದ್ದ ಶರ್ಲಿ ಟೆಲ್ಲೆಸ್ ಮೊದಲು ಉಸಿರಿನಿಂದ ಶುರುಮಾಡಿದರು. ನಿಧಾನದ ಉಸಿರೆಲ್ಲ ಮೈಯನ್ನು ತಣಿಸುತ್ತದೆ ಎಂದೇ ಎಲ್ಲರ ನಂಬಿಕೆ. 1991ರ ಅವರ ಲೆಕ್ಕ ಅದನ್ನು ಅಡಿಮೇಲು ಮಾಡಿತು: ಉಜ್ಜಾಯಿ ಪ್ರಾಣಾಯಾಮದಲ್ಲಿ ಉಸಿರನ್ನು ಸ್ವಲ್ಪ ಹೊತ್ತು ಹಿಡಿದರೆ ಆಮ್ಲಜನಕದ ಬಳಕೆ ನೂರಕ್ಕೆ 52 ಏರಿತು, ಹೆಚ್ಚು ಹೊತ್ತು ಹಿಡಿದರೆ ನೂರಕ್ಕೆ 19 ಇಳಿಯಿತು. ಹೊರಗಿನಿಂದ ನೋಡುವವನಿಗೆ ಎರಡೂ ಒಂದೇ ಪ್ರಾಣಾಯಾಮ.

ಆಮೇಲೆ ಧ್ಯಾನಕ್ಕೆ ಬಂದರು. ಬೇರೊಬ್ಬರ ಜೊತೆ ಹೋಲಿಸುವ ರಗಳೆಯೇ ಬೇಡವೆಂದು, ಅದೇ ಮನುಷ್ಯನನ್ನು ಒಂದು ದಿನ ಧ್ಯಾನಕ್ಕೂ ಇನ್ನೊಂದು ದಿನ ಅದೇ ಭಂಗಿಯಲ್ಲಿ ಸುಮ್ಮನೆ ಏನಾದರೂ ಯೋಚಿಸುತ್ತ ಕೂರುವುದಕ್ಕೂ ಕರೆದರು. ಉಪಾಯ ಚಿಕ್ಕದು, ಅದು ತೆರೆದ ಬಾಗಿಲು ದೊಡ್ಡದು. 1993ರಲ್ಲಿ ರಾಜಯೋಗದ ಬ್ರಹ್ಮಕುಮಾರ ಸಾಧಕರನ್ನು ಹೀಗೆ ನೋಡಿದಾಗ ಹೃದಯ ಬಡಿತ ಇಳಿಯಲಿಲ್ಲ, ತುಸು ಏರಿತು! 1995ರಲ್ಲಿ ಮನಸ್ಸಿನಲ್ಲೇ ಓಂಕಾರ ಹೇಳಿಕೊಳ್ಳುವ, ಐದರಿಂದ ಇಪ್ಪತ್ತು ವರ್ಷ ಅನುಭವವಿದ್ದ ಏಳು ಜನರಲ್ಲಿ ಅದು ಇಳಿಯಿತು, ಜೊತೆಗೇ ರಕ್ತನಾಳಗಳು ಎಚ್ಚರದ ಬಿಗುವನ್ನು ತೋರಿಸಿದವು. ಈ ಹೊತ್ತಿಗೆ ಟೆಲ್ಲೆಸ್ ವಿವೇಕಾನಂದ ಕೇಂದ್ರದ ಯೋಗ ಸಂಶೋಧನೆಯಲ್ಲಿ ಡಾ. ಆರ್. ನಾಗರತ್ನ ಮತ್ತು ಎಚ್.ಆರ್. ನಾಗೇಂದ್ರರ ಜೊತೆಗಿದ್ದರು. ಬೆನ್ಸನ್ನರ 'ಒನ್' ಅನ್ನೂ ಅವರು ಬಿಡಲಿಲ್ಲ. ಒಮ್ಮೆ 'ಓಂ', ಒಮ್ಮೆ 'ಒನ್' ಹೇಳಿಸಿ ನೋಡಿದರು. ಹೃದಯ, ಉಸಿರು ಎರಡಕ್ಕೂ ಇಳಿದವು. ಚರ್ಮದ ವಿದ್ಯುತ್ ಮಾತ್ರ ಓಂಕಾರಕ್ಕೆ ಬೇರೆಯಾಗಿ ಮಿಡಿಯಿತು. ಶಬ್ದ ಹೇಳುವವನಿಗೆ ಅದರ ಮೇಲಿರುವ ಭಾವ ಮೈಗೂ ಗೊತ್ತಾಗುತ್ತಿತ್ತು.

ನಾಗೇಂದ್ರರು ಮೂಲತಃ ಎಂಜಿನಿಯರು, ಅಮೆರಿಕದ ಕೆಲಸ ಬಿಟ್ಟು ಯೋಗಕ್ಕೆ ಬಂದವರು. ಗೌಡಪಾದರ ಮಾಂಡೂಕ್ಯ ಕಾರಿಕೆಯಲ್ಲಿ ಅವರಿಗೊಂದು ಸೂಚನೆ ಸಿಕ್ಕಿತ್ತು: ಮನಸ್ಸು ಮಂಕಾದರೆ ಎಬ್ಬಿಸು, ಚೆದುರಿದರೆ ತಣಿಸು. ಕೂತಲ್ಲೇ ತೂಕಡಿಸುವವರಿಗೆ, ಕೂರಲಾಗದೆ ಚಡಪಡಿಸುವವರಿಗೆ ಇದರಲ್ಲೇ ಮದ್ದಿದೆ ಎನ್ನಿಸಿ, ಕಣ್ಣು ಮುಚ್ಚಿ ಬಹು ನಿಧಾನವಾಗಿ ಆಸನಗಳನ್ನು ಮಾಡುತ್ತ, ನಡುನಡುವೆ ಶವಾಸನದಲ್ಲಿ ಮಲಗುವ ಆವರ್ತನ ಧ್ಯಾನವನ್ನು ರೂಪಿಸಿದರು. ಅದರ ಪರೀಕ್ಷೆ ಪ್ರಕಟವಾದದ್ದು 2000ದಲ್ಲಿ. ನಲವತ್ತು ಜನ ಒಂದು ದಿನ ಇದನ್ನು ಮಾಡಿದರು, ಇನ್ನೊಂದು ದಿನ ಅಷ್ಟೇ ಹೊತ್ತು ಬರೀ ಶವಾಸನದಲ್ಲಿ ಮಲಗಿದರು. ಮೈ ಆಡಿಸಿದ ದಿನಕ್ಕಿಂತ ಮಲಗಿದ ದಿನವೇ ಹೆಚ್ಚು ವಿಶ್ರಾಂತಿ ಸಿಗಬೇಕಷ್ಟೆ? ಮಲಗಿ ಎದ್ದಾಗ ಆಮ್ಲಜನಕದ ಬಳಕೆ ನೂರಕ್ಕೆ 10.1 ಇಳಿದಿತ್ತು, ಆವರ್ತನ ಧ್ಯಾನ ಮುಗಿಸಿದಾಗ 32.1. ಬರೀ ವಿಶ್ರಾಂತಿ ಕೊಡುವುದಕ್ಕಿಂತ ಮೂರು ಪಟ್ಟು.

ಅತ್ತ ನಿಮ್ಹಾನ್ಸ್‌ನ ವಾರ್ಡಿನಲ್ಲಿ ಮನೋವೈದ್ಯರು ಇನ್ನೊಂದು ಜೂಜಿಗೆ ಕೈಹಾಕಿದ್ದರು. ಎನ್. ಜಾನಕಿರಾಮಯ್ಯ, ಬಿ.ಎನ್. ಗಂಗಾಧರ್ ಮತ್ತು ಸಂಗಡಿಗರು ತೀವ್ರ ಖಿನ್ನತೆಯ 45 ರೋಗಿಗಳನ್ನು ಹದಿನೈದರಂತೆ ಮೂರು ಗುಂಪು ಮಾಡಿದರು. ಒಂದಕ್ಕೆ ವಿದ್ಯುತ್ ಚಿಕಿತ್ಸೆ, ಒಂದಕ್ಕೆ ಖಿನ್ನತೆಯ ಇಮಿಪ್ರಮಿನ್ ಮಾತ್ರೆ, ಒಂದಕ್ಕೆ ಸುದರ್ಶನ ಕ್ರಿಯೆ ಎಂಬ ಉಸಿರಾಟದ ಅಭ್ಯಾಸ. ನಾಲ್ಕು ವಾರದಲ್ಲಿ ಚೇತರಿಸಿಕೊಂಡವರು ನೂರಕ್ಕೆ 93, 73, 67. ವಿದ್ಯುತ್ತಿನ ಮುಂದೆ ಉಸಿರು ಸೋತಿತು, ಮಾತ್ರೆಯ ಹತ್ತಿರ ಹತ್ತಿರಕ್ಕೆ ಬಂತು. ಯೋಗದವರು ಬಯಸಿದಷ್ಟು ದೊಡ್ಡ ಗೆಲುವಲ್ಲ, ಅನುಮಾನದವರು ಕಾದಿದ್ದಷ್ಟು ಸೋಲೂ ಅಲ್ಲ. 2006ರಲ್ಲಿ ಅಲ್ಲಿಯದೇ ಬಿಂದು ಕುಟ್ಟಿಯವರ ನಿದ್ರಾ ಪ್ರಯೋಗಾಲಯದಿಂದ ಮತ್ತೊಂದು ಸುಳಿವು ಬಂತು. ವಯಸ್ಸಾದಂತೆ ಆಳವಾದ ನಿದ್ದೆ ಸವೆಯುವುದು ಎಲ್ಲರ ಪಾಡು. ವಿಪಶ್ಯನ ಧ್ಯಾನ ಮತ್ತು ಸುದರ್ಶನ ಕ್ರಿಯೆಯ ನಡುವಯಸ್ಕ ಸಾಧಕರಲ್ಲಿ ಅದು ತರುಣರಲ್ಲಿದ್ದಷ್ಟೇ ಉಳಿದುಕೊಂಡಿತ್ತು.

ಇಷ್ಟಾದರೂ ಒಳಗೆ ನಡೆಯುವುದೇನು ಎಂಬುದು ಕಣ್ಣಿಗೆ ಬಿದ್ದಿರಲಿಲ್ಲ. ಗಂಗಾಧರರ ತಂಡ ಹನ್ನೆರಡು ಆರೋಗ್ಯವಂತರನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿತು. ಹದಿನೈದು ಸೆಕೆಂಡಿನ ಓಂಕಾರ: ಐದು ಸೆಕೆಂಡು 'ಓ', ಹತ್ತು ಸೆಕೆಂಡು 'ಮ್'. ಬಳಿಕ ವಿರಾಮ. ಹೋಲಿಕೆಗೆ ಯಾರು ಎಂಬ ಹಳೆಯ ಪ್ರಶ್ನೆಯನ್ನು ಇಲ್ಲಿ ಯಾರೂ ಮರೆತಿರಲಿಲ್ಲ. ಬರೀ ಉಸಿರು ಬಿಟ್ಟದ್ದರಿಂದಲೇ ಮೆದುಳು ಬದಲಾಯಿತು ಎನ್ನಬಾರದಲ್ಲ? ಅದಕ್ಕೆ ಅಷ್ಟೇ ಹೊತ್ತು 'ಸ್‌ಸ್‌ಸ್' ಎಂದು ಉಸಿರು ಬಿಡುವುದನ್ನೂ ಸೇರಿಸಿದರು. 2011ರಲ್ಲಿ ಫಲಿತಾಂಶ ಪ್ರಕಟವಾಯಿತು. ಓಂಕಾರದ ಹೊತ್ತಿನಲ್ಲಿ ಭಯ ಮತ್ತು ಭಾವಗಳಿಗೆ ಸಂಬಂಧಿಸಿದ ಅಮಿಗ್ಡಲ, ನೆನಪಿನ ಹಿಪ್ಪೋಕ್ಯಾಂಪಸ್, ಹೊರಗಿನ ಸುದ್ದಿಯನ್ನು ಒಳಗೆ ದಾಟಿಸುವ ಥಲಾಮಸ್ ಚಟುವಟಿಕೆ ತಗ್ಗಿಸಿದ್ದವು. 'ಸ್‌ಸ್‌ಸ್'ಗೆ ಅವು ಜಗ್ಗಲಿಲ್ಲ.

ಕಾರಣವಾಗಿ ತಂಡ ಬೆರಳು ತೋರಿಸಿದ್ದು ವೇಗಸ್ ನರದ ಕಡೆಗೆ. ಅದರ ಒಂದು ಕವಲು ಕಿವಿಯ ಸುತ್ತ ಹರಡಿದೆ. ಬಾಯಿ ಮುಚ್ಚಿ 'ಮ್' ಎಂದು ಗುಂಯ್‌ಗುಟ್ಟಿದಾಗ ಕಿವಿಯ ಬಳಿ ಆಗುವ ಕಂಪನ ಅದನ್ನು ತಟ್ಟುತ್ತದೆ ಎಂಬುದು ಅವರ ಊಹೆ. ಹಲ್ಲಿನ ಸಂದಿಯಿಂದ ಹೊರಡುವ 'ಸ್‌ಸ್'ನಲ್ಲಿ ಆ ಕಂಪನವಿಲ್ಲ. ಅಪಸ್ಮಾರಕ್ಕೆ, ಹಟಮಾರಿ ಖಿನ್ನತೆಗೆ ವೈದ್ಯರು ಕುತ್ತಿಗೆಯಲ್ಲಿ ಪುಟ್ಟ ಯಂತ್ರ ಹುದುಗಿಸಿ ಇದೇ ನರವನ್ನು ವಿದ್ಯುತ್ತಿನಿಂದ ಮಿಡಿಸುತ್ತಾರೆ; ಆಗ ಮೆದುಳಿನಲ್ಲಿ ತಣ್ಣಗಾಗುವ ಭಾಗಗಳೂ ಹೆಚ್ಚುಕಡಿಮೆ ಇವೇ. ನಿಧಾನವಾಗಿ ಉಸಿರು ಬಿಡುವಾಗ ಹೃದಯದ ವೇಗ ತಗ್ಗಿಸುವುದೂ ಇದೇ ನರ. ಹನ್ನೆರಡೇ ಜನರ ಪ್ರಾಥಮಿಕ ಪ್ರಯೋಗ ಎಂದು ಬರೆದವರೇ ಒಪ್ಪಿಕೊಂಡರು. ಖಿನ್ನತೆಯ ರೋಗಿಗಳಲ್ಲಿ, ಅಪಸ್ಮಾರದವರಲ್ಲಿ ಇದನ್ನು ಪರೀಕ್ಷಿಸಿ ನೋಡಬೇಕು ಎಂದು ಮುಂದಿನ ಕೆಲಸದ ದಾರಿಯನ್ನೂ ಅಲ್ಲೇ ತೋರಿಸಿದರು.